ಕಲ್ಲು ಇದ್ದಲ್ಲೇ ಇರಲಿ

(ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಹೋದ ಭಾನುವಾರ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರದ ಬೆಳಗ್ಗೆ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು ಕೂತಿದ್ದಾರೆ. ನಾನು ಇವತ್ತು ಹೇಳುವುದರಲ್ಲಿ ಅರ್ಧ ಅವರಿಂದಲೇ ಕೇಳಿದ್ದು. ತಪ್ಪು ಹೇಳಿದರೆ ಅಲ್ಲೇ ತಡೆದು ತಿದ್ದಬೇಕು, ದಯವಿಟ್ಟು.

ನಮ್ಮದು ಹೆಬ್ಬಾಳದಿಂದ ಆಚೆಗಿರುವ ಬಡಾವಣೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು. ‘ಇದು ಹೊಸ ಏರಿಯಾ, ಇಲ್ಲಿ ಹಳೇದು ಅಂತ ಏನೂ ಇಲ್ಲ. ಹಳೇದು ನೋಡಬೇಕು ಅಂದರೆ ಪೇಟೆ ಕಡೆ ಹೋಗಿ, ಮಲ್ಲೇಶ್ವರಕ್ಕೆ ಹೋಗಿ.’ ನಾನೂ ಹಾಗೇ ಅಂದುಕೊಂಡಿದ್ದೆ.

ಮಲ್ಲೇಶ್ವರವೂ ಒಂದು ಕಾಲಕ್ಕೆ ಹೊಸ ಏರಿಯಾನೇ ಅಲ್ವಾ? 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಬೇಕಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆಗ. ಆದರೆ ಅಲ್ಲಿ ಅದಕ್ಕೂ ಮೊದಲೇ ಮಲ್ಲಾಪುರ ಅನ್ನುವ ಊರಿತ್ತು. ಕಾಡು ಮಲ್ಲೇಶ್ವರನ ಹತ್ತಿರದ ಬಂಡೆಯ ಮೇಲೆ 1669ರ ಶಾಸನವಿದೆ. ಶಿವಾಜಿಯ ಮಲತಮ್ಮ ಏಕೋಜಿ ಮೇದರನಿಂಗನಹಳ್ಳಿಯನ್ನು ಆ ದೇವರಿಗೆ ಬಿಟ್ಟುಕೊಟ್ಟ ದಾನ ಅದು. ಅದೇ ದೇವಸ್ಥಾನದ ಎದುರಿನ ಜಾಗವನ್ನು 1997ರಲ್ಲಿ ಅಗೆದಾಗ ಮಣ್ಣಿನ ಅಡಿಯಿಂದ ಕಲ್ಯಾಣಿ, ನಂದಿ ಎಲ್ಲ ಹೊರಗೆ ಬಂದವು. ನೂರು ವರ್ಷ ಜನ ಅದರ ಮೇಲೆ ಓಡಾಡಿದ್ದರು.

ಬಡಾವಣೆ ಯಾವತ್ತೂ ಖಾಲಿ ನೆಲದ ಮೇಲೆ ಬರುವುದಿಲ್ಲ. ಅದು ಯಾರದೋ ಹೊಲ, ಯಾರದೋ ತೋಪು, ಯಾರದೋ ದನ ಓಡಾಡಿದ ದಾರಿ. ನಮ್ಮ ಚರಿತ್ರೆ ಕೂಟ ಹುಡುಕುತ್ತಾ ಇರುವುದು ಅದನ್ನೇ.

ಕೂಟ ಶುರುವಾದದ್ದು ಒಂದು ಕಲ್ಲಿನಿಂದ. ಹಳೇ ಊರಿನ ಕೊನೆಯಲ್ಲಿ, ಅರಳಿಕಟ್ಟೆ ದಾಟಿದ ಮೇಲೆ, ಒಂದು ಕಲ್ಲು ನಿಂತಿದೆ. ನೀವೆಲ್ಲ ನೋಡಿದ್ದೀರಿ. ಎದೆಮಟ್ಟದ ಕಲ್ಲು, ಬುಡ ಅರ್ಧ ಮಣ್ಣಲ್ಲಿ. ಹಸಿರು ಪೇಂಟು, ಅದರ ಮೇಲೆ ಅರಿಶಿನ, ಕುಂಕುಮ. ಪಕ್ಕದಲ್ಲೇ ಬೈಕ್ ನಿಲ್ಲಿಸುತ್ತಿದ್ದರು. ರಸ್ತೆ ಅಗಲ ಮಾಡುವ ಮಾತು ಬಂದಾಗ ನಾವು ಐದಾರು ಜನ ಸೇರಿ ಒಂದು ಯೋಚನೆ ಮಾಡಿದೆವು. ಕಲ್ಲನ್ನು ಎತ್ತಿ ಪಾರ್ಕಿನಲ್ಲಿ ನಿಲ್ಲಿಸೋಣ, ಸುತ್ತ ಗಾಜು ಹಾಕಿಸೋಣ, ಒಂದು ಬೋರ್ಡು ಬರೆಸೋಣ. ನಮ್ಮ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು.

ಮಾರನೇ ದಿನ ಆ ಕಲ್ಲಿಗೆ ದಿನಾ ನೀರು ಹಾಕುವ ಅಜ್ಜಿ ನನ್ನನ್ನು ನಿಲ್ಲಿಸಿ ಕೇಳಿದರು. ‘ಏನಪ್ಪಾ, ನಮ್ ವೀರಗಾರನ್ನ ಪಾರ್ಕಿಗೆ ತಗೊಂಡೋಗ್ತೀರಂತೆ? ಅವನು ಸತ್ತಿದ್ದು ಇಲ್ಲಿ. ದನ ಬಿಡಿಸ್ಕೊಳ್ಳಕ್ಕೆ ಹೋಗಿ ಸತ್ತೋನು ಅಂತ ನಮ್ಮತ್ತೆ ಹೇಳೋರು. ಪಾರ್ಕಲ್ಲಿ ಅವನಿಗೇನು ಕೆಲ್ಸ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಕಲ್ಲು ಅಲ್ಲೇ ಇದೆ. ಬೈಕ್ ನಿಲ್ಲಿಸುವ ಜಾಗ ಮಾತ್ರ ಬದಲಾಗಿದೆ.

ಅಂಥ ಕಲ್ಲಿಗೆ ವೀರಗಲ್ಲು ಅಂತ ಹೆಸರು, ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಅದನ್ನು ಓದುವ ಕ್ರಮ ಎಷ್ಟೋ ಜನಕ್ಕೆ ಗೊತ್ತಿಲ್ಲ, ಸ್ವಲ್ಪ ಹೇಳುತ್ತೇನೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಹಂತ ಇರುತ್ತವೆ. ಅಡಿಯಲ್ಲಿ ಕಾಳಗ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಎದುರು ಸತ್ತವನಾದರೆ ದನಗಳನ್ನೂ ಕೆತ್ತಿರುತ್ತಾರೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಮೇಲಿನ ಹಂತದಲ್ಲಿ ಅವನು ಕೈಲಾಸದಲ್ಲಿ ಲಿಂಗದ ಎದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡೂ ಇರುವಷ್ಟು ಕಾಲ ಇವನ ಹೆಸರು ಇರಲಿ ಅಂತ ಅರ್ಥ. ಬರಹ ಇದ್ದರೆ ಹಂತಗಳ ನಡುವಿನ ಪಟ್ಟಿಯಲ್ಲೋ ಅಂಚಿನಲ್ಲೋ ಇರುತ್ತದೆ. ಎಷ್ಟೋ ವೀರಗಲ್ಲುಗಳಲ್ಲಿ ಒಂದಕ್ಷರವೂ ಇರುವುದಿಲ್ಲ.

ನಮ್ಮ ಕಲ್ಲಿನಲ್ಲಿ ಬರಹ ಇದೆ ಅಂತ ಗೊತ್ತಾಗಿದ್ದು ಸಂಜೆ ಏಳು ಗಂಟೆಯ ಮೇಲೆ. ಹಗಲು ಎಷ್ಟು ನೋಡಿದರೂ ಬರೀ ಒರಟು ಕಲ್ಲು. ಕತ್ತಲಾದ ಮೇಲೆ ಟಾರ್ಚನ್ನು ಎದುರಿಗೆ ಹಿಡಿಯದೆ, ಪಕ್ಕದಿಂದ, ಕಲ್ಲಿಗೆ ತಾಗಿದ ಹಾಗೆ ಓರೆಯಾಗಿ ಹಿಡಿದೆವು. ಬೆಳಕು ಕಲ್ಲಿನ ಮೈ ಮೇಲೆ ಹರಿಯಿತು. ತಗ್ಗಿನಲ್ಲಿ ನೆರಳು ನಿಂತಿತು. ಮೊದಲು ಒಂದು ಗೆರೆ, ಆಮೇಲೆ ಒಂದು ಬಳಸು. ‘ಸ್ವಸ್ತಿ ಶ್ರೀ’ ಅನ್ನುವುದು ಕಂಡಿತು. ಎಷ್ಟೋ ಶಾಸನಗಳು ಶುರುವಾಗುವುದೇ ಹಾಗೆ. ಅದರ ಮುಂದೆ ಪೇಂಟು ದಪ್ಪಗೆ ಕೂತಿತ್ತು, ಏನೂ ಕಾಣಲಿಲ್ಲ. ಎರಡನೇ ಸಾಲಿನ ಕೊನೆಯಲ್ಲಿ ಇನ್ನೆರಡು ಅಕ್ಷರ. ನಮ್ಮ ಜೊತೆ ಬಂದಿದ್ದ, ಹಳಗನ್ನಡ ಓದಬಲ್ಲ ಮೇಷ್ಟ್ರು ತುಂಬ ಹೊತ್ತು ಬಗ್ಗಿ ನೋಡಿದರು. ಆಮೇಲೆ ಬೆರಳಿನಿಂದ ಗಾಳಿಯಲ್ಲೇ ಬರೆದು ತೋರಿಸಿದರು. ‘ತುಱು.’ ಈಗ ನಾವು ಬಳಸದ ಆ ಹಳೇ ಱ. ತುಱು ಅಂದರೆ ದನ.

ಅಜ್ಜಿ ಹೇಳಿದ್ದ ದನ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಜ್ಜಿಯ ಅತ್ತೆ ಹೇಳಿದ ಕತೆ ಸಾವಿರ ವರ್ಷದಿಂದ ಬಾಯಿಂದ ಬಾಯಿಗೆ ಬಂದಿದೆ ಅಂತ ನಾನು ಹೇಳುವುದಿಲ್ಲ. ಕೆತ್ತಿದ ದನ ನೋಡಿ ಯಾರೋ ಆಮೇಲೆ ಹೇಳಿಕೊಂಡ ಕತೆಯೂ ಇರಬಹುದು. ಎರಡರಲ್ಲಿ ಯಾವುದಾದರೂ ನನಗೆ ದೊಡ್ಡದೇ. ಓದಲು ಬಾರದ ಒಂದು ಮನೆಯ ಹೆಂಗಸರು ಆ ಕಲ್ಲನ್ನು ಸರಿಯಾಗಿ ಓದಿದ್ದರು. ಆ ಜಾಗದಲ್ಲೇ ನಿಂತು, ದಿನಾ ನೀರು ಹಾಕುತ್ತಾ.

ನಮ್ಮ ನೆರೆಯಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕಿದ ಶಾಸನ. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ರಟ್ಟರು ಅಂದರೆ ರಾಷ್ಟ್ರಕೂಟರು ದಾಳಿ ಮಾಡಿದಾಗ ಕಾದಾಡಿ ಸತ್ತ ಕಿತ್ತಯ್ಯ ಅನ್ನುವವನ ಕಲ್ಲು. ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ಅದರಲ್ಲಿ ‘ಪೆರ್ಬೊಳಲ್‌ನಾಡು ಮೂವತ್ತು’ ಅಂತ ಬರುತ್ತದೆ, ಅಂದರೆ ಮೂವತ್ತು ಹಳ್ಳಿಗಳ ನಾಡು. ಪೊಳಲ್ ಅಂದರೆ ಪಟ್ಟಣ, ಪೆರ್ ಅಂದರೆ ದೊಡ್ಡದು. ಹಳಗನ್ನಡದ ಪ ನಮ್ಮ ಬಾಯಲ್ಲಿ ಹ ಆಯಿತು. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಪೆರ್ಬೊಳಲು ಹೆಬ್ಬಾಳವಾಯಿತು ಅಂತ ವಿದ್ವಾಂಸರು ಹೇಳುತ್ತಾರೆ. ದಿನಾ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ‘ಅಯ್ಯೋ ಹೆಬ್ಬಾಳ’ ಅಂತೀವಲ್ಲ, ಆ ಹೆಸರಿಗೆ ಸಾವಿರದ ಇನ್ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. ಈಗ ಹೆಬ್ಬಾಳದಲ್ಲೇ ಆ ಕಲ್ಲಿಗೊಂದು ಮಂಟಪ ಇದೆ. ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಕಲ್ಲನ್ನು ಸಾಗಿಸಲೇಬಾರದು ಅಂತ ಹಟ ಹಿಡಿಯುವುದೂ ಸರಿಯಲ್ಲ. ಬೇಗೂರಿನ ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಗಂಗರ ಎರೆಯಪ್ಪನ ಕಾಲದ್ದು. ನಾಗತ್ತರ ಅನ್ನುವವನು ವೀರಮಹೇಂದ್ರನ ಸೇನೆಯ ಎದುರು ಕಾದಿ ಸತ್ತ ಕತೆ ಅದರಲ್ಲಿದೆ. ಆನೆ, ಕುದುರೆ, ಕಾಲಾಳು ಎಲ್ಲ ಒಂದೇ ಕಲ್ಲಿನಲ್ಲಿ ಕಿಕ್ಕಿರಿದಿವೆ. ಅದು ಮ್ಯೂಸಿಯಂನಲ್ಲಿದ್ದರೂ ಬೇಗೂರಿನದು ಅಂತ ನಮಗೆ ಗೊತ್ತು, ಯಾಕೆಂದರೆ ಯಾರೋ ಬರೆದಿಟ್ಟರು. ‘ಬೆಂಗಳೂರು ಕಾಳಗ’ ಅಂತ ಹೆಸರು ಬರುವ ಇನ್ನೊಂದು ಕಲ್ಲು, ಸುಮಾರು ಕ್ರಿ.ಶ. 900ರದ್ದು, ಬೇಗೂರಿನ ದೇವಸ್ಥಾನದ ಆವರಣದಲ್ಲೇ ಇದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರು ನೂರು ವರ್ಷ ಮೊದಲೇ ಬೆಂಗಳೂರು ಅನ್ನುವ ಹೆಸರಿತ್ತು ಅಂತ ಹೇಳಿದ್ದು ಈ ಕಲ್ಲು. ಬೇಗೂರೂ ಪೇಟೆ ಅಲ್ಲ ಅನ್ನುವುದನ್ನು ನೆನಪಿಡಿ. ಊರ ಹೊರಗಿನ ಇನ್ನೊಂದು ಏರಿಯಾ ಅದು.

ಬರೆದಿಡುವ ಕೆಲಸ ದೊಡ್ಡದಾಗಿ ಮಾಡಿದವರು ಶಾಸನ ವಿದ್ವಾಂಸ ಬಿ. ಎಲ್. ರೈಸ್. ಹುಟ್ಟಿದ್ದು ಬೆಂಗಳೂರಿನಲ್ಲೇ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಅವರ ಶಾಸನಗಳ ಪುಸ್ತಕಮಾಲೆಯ ಒಂಬತ್ತನೇ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂತು. ಅದರಲ್ಲಿ ಶಾಸನದ ಪಾಠಕ್ಕಿಂತ ಮೊದಲು ನಾನು ನೋಡುವುದು ಒಂದು ಪುಟ್ಟ ಸಾಲನ್ನು. ಕಲ್ಲು ಎಲ್ಲಿತ್ತು ಅಂತ ಅಲ್ಲಿ ಬರೆದಿರುತ್ತಾರೆ. ಇಂಥ ಊರು, ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ. ಆ ಸಾಲನ್ನು ಹಿಡಿದುಕೊಂಡು ನೂರ ಇಪ್ಪತ್ತು ವರ್ಷ ಆದಮೇಲೂ ಹುಡುಕಿಕೊಂಡು ಹೋಗಬಹುದು. ಕೆಲವು ಸಿಗುತ್ತವೆ. ಕೆಲವು ಕಡೆ ಈಗ ಕಾಂಪೌಂಡು ಎದ್ದಿರುತ್ತದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 1909ರಲ್ಲಿ ಶುರುವಾದದ್ದು, 2021ರಿಂದ ಬೆಂಗಳೂರಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಲ್ಲನ್ನು ಕೈಯಲ್ಲಿ ಮುಟ್ಟದೆ, ಉಜ್ಜದೆ, ಅಕ್ಷರ ಓದುವ ಹಾಗೆ.

ಮುಟ್ಟದೆ, ಉಜ್ಜದೆ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ನಾವೇ ಒಂದು ತಪ್ಪು ಮಾಡಿದ್ದೇವೆ. ಮೊದಲ ವರ್ಷದ ಉತ್ಸಾಹದಲ್ಲಿ ಇನ್ನೊಂದು ಕಲ್ಲಿನ ಪೇಂಟು ತೆಗೆಯಲು ತಂತಿ ಬ್ರಷ್ ಹಿಡಿದು ಉಜ್ಜಿದೆವು. ಪೇಂಟು ಹೋಯಿತು. ಜೊತೆಗೆ ಒಂದು ಅಕ್ಷರದ ಅಂಚೂ ಹೋಯಿತು. ಅದು ಮತ್ತೆ ಬರುವುದಿಲ್ಲ. ಅವತ್ತಿನಿಂದ ನಮ್ಮ ಕೂಟದಲ್ಲಿ ಯಾರೂ ಕಲ್ಲಿಗೆ ನೀರು, ಮೆತ್ತನೆ ಬಟ್ಟೆ, ಟಾರ್ಚು ಬಿಟ್ಟು ಬೇರೇನೂ ತಾಗಿಸುವುದಿಲ್ಲ. ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಗೇ ಬಿಡುತ್ತೇವೆ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್‌ನಿಂದ ಹದವಾಗಿ ಬಡಿದು, ಒಣಗುತ್ತಾ ಬಂದಾಗ ಮಸಿ ಒತ್ತುವ ಕೆಲಸ ಅದು. ನೋಡಲು ಸುಲಭ. ಕೈಗೆ ಬರಲು ವರ್ಷಗಳು ಬೇಕು.

ಕಲ್ಲಿನ ಮಾತು ಜಾಸ್ತಿ ಆಯಿತು. ನನಗೆ ಅದರ ಮೇಲೆ ಪ್ರೀತಿ ಜಾಸ್ತಿ, ಏನು ಮಾಡಲಿ.

ತಿಂಗಳ ಎರಡನೇ ಭಾನುವಾರ ನಾವು ನಡೆಯಲು ಹೋಗುತ್ತೇವೆ. ಕೈಯಲ್ಲಿ ಹಳೇ ಗ್ರಾಮ ನಕ್ಷೆ, ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಎರಡನ್ನೂ ಜೋಡಿಸಿ ನೋಡಿದರೆ ನಿಮ್ಮ ಕ್ರಾಸು, ಮೇನು ಎಲ್ಲ ಕರಗಿ ಅಡಿಯಿಂದ ಹಳೇ ಊರು ಏಳುತ್ತದೆ. ಗುಂಡುತೋಪು, ಗೋಮಾಳ, ಬಂಡಿದಾರಿ, ಕೆರೆಯ ಅಂಗಳ. ನಾವು ನೀರಿನ ದಾರಿ ಹಿಡಿದು ನಡೆಯುತ್ತೇವೆ. ಬೆಂಗಳೂರಿಗೆ ಮೂರು ದೊಡ್ಡ ಕಣಿವೆ. ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ. ನಮ್ಮದು ಹೆಬ್ಬಾಳದ ಕಣಿವೆ. ಈ ಕಡೆಯ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಬಿದ್ದು, ಪೂರ್ವಕ್ಕೆ ಹರಿದು, ಎಲೆಮಲ್ಲಪ್ಪ ಶೆಟ್ಟಿ ಕೆರೆ ಸೇರಿ, ಆಮೇಲೆ ದಕ್ಷಿಣ ಪಿನಾಕಿನಿಗೆ ಹೋಗುತ್ತವೆ. ಮಳೆಗಾಲದಲ್ಲಿ ಯಾವ ಬೀದಿಗೆ ನೀರು ನುಗ್ಗುತ್ತದೆ ಅಂತ ನಿಮಗೆಲ್ಲ ಗೊತ್ತು. ಆ ಬೀದಿಗಳನ್ನು ಹಳೇ ನಕ್ಷೆಯ ಮೇಲೆ ಗುರುತು ಹಾಕಿದೆವು. ಹೆಚ್ಚಿನವು ಕಾಲುವೆಯ ಗೆರೆಯ ಮೇಲೇ ಬಿದ್ದವು. ನೀರು ದಾರಿ ಮರೆತಿಲ್ಲ.

ಒಂದು ನಡಿಗೆಯಲ್ಲಿ ನಮ್ಮ ಜೊತೆ ಬಂದಿದ್ದ ತಾತ ಒಬ್ಬರ ಮನೆತನ ನೀರುಗಂಟಿಯದು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವ ಕೆಲಸ. ಈಗ ಗದ್ದೆ ಇಲ್ಲ. ಆದರೆ ಒಂದು ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ನಿಂತು ಅವರು ಬೆರಳು ತೋರಿಸಿ ಒಂದೊಂದೇ ಹೆಸರು ಹೇಳಿದರು. ಮೂಲೆಗದ್ದೆ, ಹುಣಸೆಮರದ ಗದ್ದೆ, ಅಕ್ಕನ ಗದ್ದೆ. ಹುಣಸೆಮರ ಎಲ್ಲಿ ತಾತ ಅಂತ ಒಬ್ಬ ಹುಡುಗ ಕೇಳಿದ. ‘ನಿಮ್ ಲಿಫ್ಟ್ ಇರೋ ಜಾಗದಾಗೆ ಮಗಾ’ ಅಂದರು. ಅವತ್ತಿನಿಂದ ಆ ಅಪಾರ್ಟ್‌ಮೆಂಟಿನ ಮಕ್ಕಳು ಲಿಫ್ಟಿಗೆ ಹುಣಸೆಮರ ಅಂತಾರೆ.

ಹೆಸರುಗಳ ಕೆಲಸ ಮಕ್ಕಳಿಗೇ ಕೊಟ್ಟಿದ್ದೇವೆ. ಬಸ್ಸಿನ ಬೋರ್ಡಿನ ಮೇಲಿರುವ ಊರುಗಳನ್ನು ಬರೆದುಕೊಂಡು ಬಂದು ಅರ್ಥ ಹುಡುಕುವುದು. ಥಣಿಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಸಂದ್ರ ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಹೆಸರಿನಲ್ಲಿ ಸಂದ್ರ ಇದ್ದರೆ ಅಲ್ಲಿ ಕೆರೆ ಹುಡುಕು ಅಂತ ಮಕ್ಕಳಿಗೆ ಹೇಳಿದ್ದೇವೆ. ಕೊಡಿಗೇಹಳ್ಳಿಯ ಕೊಡಿಗೆ ಅಂದರೆ ಬಿಟ್ಟುಕೊಟ್ಟ ಜಮೀನು. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಜಮೀನು ಬಿಡುತ್ತಿದ್ದರು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟ ಜಮೀನಿಗೆ ನೆತ್ತರುಕೊಡಗೆ ಅಂತ ಹೆಸರು. ಎಂಥ ಮಾತು ನೋಡಿ. ಒಂದು ಪದದಲ್ಲಿ ಒಂದು ಮನೆಯ ದುಃಖ ಇದೆ.

ಇನ್ನೊಂದು ವಿಷಯ. ಬೆಂಗಳೂರಿನ ಹಳೇ ಊರುಗಳಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ ಆಡುವವರು ಎಷ್ಟೋ ಜನ ಇದ್ದಾರೆ. ಮನೆಯಲ್ಲಿ ತಮಿಳು ಆಡುವವರೂ ಇದ್ದಾರೆ. ಚೋಳರ ಕಾಲದಿಂದ ಈ ಸುತ್ತಲಿನ ಗುಡಿಗಳಲ್ಲಿ ತಮಿಳು ಶಾಸನಗಳಿವೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಗೆ ಹೋದರೆ ಗೋಡೆ, ಕಂಬದ ಮೇಲೇ ನೋಡಬಹುದು. ಆ ಕಡೆ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರಿಗೆಂದು ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಎದ್ದ ಊರು. ಹಾಗಾಗಿ ಹಿರಿಯರ ಮಾತು ರೆಕಾರ್ಡ್ ಮಾಡುವಾಗ ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲೇ ಬಿಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೇನೆ. ಪದ ತಿದ್ದಬೇಡಿ, ನಡುವೆ ಬಾಯಿ ಹಾಕಬೇಡಿ. ಅವರು ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಒಳ್ಳೆಯ ಮಾತು ಬರುವುದು ಆಮೇಲೆ.

ಕೊನೆಯದಾಗಿ ಫೋಟೋಗಳು. ಎರಡು ತಿಂಗಳಿಗೊಮ್ಮೆ ಗುಡಿಯ ಜಗಲಿ ಮೇಲೆ ಸ್ಕ್ಯಾನರ್ ಇಟ್ಟುಕೊಂಡು ಕೂರುತ್ತೇವೆ. ಮನೆಯ ಹಳೇ ಫೋಟೋ ತನ್ನಿ. ನಿಮ್ಮ ಕಣ್ಣೆದುರೇ ಸ್ಕ್ಯಾನ್ ಮಾಡಿ ಅಲ್ಲೇ ಕೈಗೆ ಕೊಡುತ್ತೇವೆ. ಇದು ನಮ್ಮ ಗಟ್ಟಿ ನಿಯಮ. ಮೊದಮೊದಲು ಒಂದು ಆಲ್ಬಮ್ಮನ್ನು ಮನೆಗೆ ತಗೊಂಡು ಹೋಗಿ, ವಾಪಸ್ ಕೊಡಲು ಎರಡು ತಿಂಗಳು ಮಾಡಿದ್ದೆವು. ಆ ಮನೆಯ ಅಮ್ಮ ಏನೂ ಅನ್ನಲಿಲ್ಲ. ಆದರೆ ಆ ಬೀದಿಯಿಂದ ಒಂದು ವರ್ಷ ಯಾರೂ ಫೋಟೋ ತರಲಿಲ್ಲ. ಇನ್ನೊಂದು ಮಾತು. ಫೋಟೋಗೆ ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋ ಟೇಪ್ ಹಾಕಬೇಡಿ. ಹಿಂದುಗಡೆ ಪೆನ್ನಿನಲ್ಲಿ ಬರೆಯಬೇಡಿ. ಮೆತ್ತನೆ ಪೆನ್ಸಿಲ್‌ನಲ್ಲಿ, ಒತ್ತದೆ, ಯಾರು, ಎಲ್ಲಿ, ಯಾವಾಗ ಅಂತ ಬರೆಯಿರಿ. ಹೇಳಿದವರ ಹೆಸರನ್ನೂ ಬರೆಯಿರಿ. ಹೆಸರಿಲ್ಲದ ಫೋಟೋ ಕಿತ್ತು ತಂದ ಕಲ್ಲಿನ ಹಾಗೆ.

ಅಲ್ಲಿ ಬಾಗಿಲ ಹತ್ತಿರ ಒಂದು ಫೋಟೋ ದೊಡ್ಡದು ಮಾಡಿ ಹಾಕಿದ್ದೇವೆ. ಒಂದು ಮದುವೆಯ ದಿನದ್ದು. ಹಿಂದೆ ಕಪಿಲೆ ಬಾವಿ ಕಾಣುತ್ತದೆ. ಎತ್ತು ಹೂಡಿ, ತೊಗಲಿನ ಚೀಲದಲ್ಲಿ ನೀರೆತ್ತುತ್ತಿದ್ದ ಬಾವಿ. ಈಗ ಅಲ್ಲಿ ಮೆಡಿಕಲ್ ಶಾಪ್ ಇದೆ. ಹನ್ನೊಂದು ಜನರಲ್ಲಿ ಹತ್ತು ಜನರ ಹೆಸರು ಸಿಕ್ಕಿದೆ. ಎಡಗಡೆ ಕೊನೆಯಲ್ಲಿ ಎತ್ತಿನ ಹಗ್ಗ ಹಿಡಿದು ನಿಂತ ಹುಡುಗಿ ಯಾರು ಅಂತ ಗೊತ್ತಾಗಿಲ್ಲ. ಏಳೆಂಟು ವರ್ಷದವಳು. ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ, ಇವಳೊಬ್ಬಳು ಎತ್ತಿನ ಕಡೆ. ಹೊರಡುವ ಮೊದಲು ದಯವಿಟ್ಟು ಎಲ್ಲರೂ ಒಮ್ಮೆ ನೋಡಿ ಹೋಗಿ.

(ಸಭೆ ಮುಗಿದ ಮೇಲೆ ಸುಮಾರು ಜನ ಆ ಫೋಟೋ ಮುಂದೆ ನಿಂತರು. ಇಬ್ಬರು ಅಜ್ಜಿಯಂದಿರು ಆ ಹುಡುಗಿಯನ್ನು ಗುರುತಿಸಿದರು. ಒಬ್ಬರು ಹೇಳಿದ ಹೆಸರು ಬೇರೆ, ಇನ್ನೊಬ್ಬರು ಹೇಳಿದ್ದು ಬೇರೆ. ಇಬ್ಬರೂ ತಮ್ಮ ಮಾತಿನಿಂದ ಕದಲಲಿಲ್ಲ. ಎರಡು ಹೆಸರನ್ನೂ, ಹೇಳಿದವರ ಹೆಸರಿನ ಜೊತೆ, ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೇವೆ.)